ಮೇಸ್ತ್ರಿ ಮಗಳ ಲೈಸೆನ್ಸು

"ಮನೆ ನೋಡಾಕೂ ಲೈಸೆನ್ಸ್ ಬೇಕೇನವ್ವ?"

ಫೋನಿನಲ್ಲಿ ಅಪ್ಪ ಇಷ್ಟು ಕೇಳಿ ನಗಲು ಶುರುಮಾಡಿದ. ಪಕ್ಕದಲ್ಲಿದ್ದ ಅಮ್ಮನಿಗೂ ಹೇಳಿದ. ಅವಳೂ ನಕ್ಕಳು. ತಿಪಟೂರಿನ ಸುತ್ತಮುತ್ತ ನಲವತ್ತು ವರ್ಷ ಗಾರೆ ಕೆಲಸ ಮಾಡಿದ ಮೇಸ್ತ್ರಿ ನನ್ನಪ್ಪ. ಎಷ್ಟು ಮನೆ ಕಟ್ಟಿದ್ದಾನೆ ಎಂದು ಅವನೂ ಲೆಕ್ಕ ಇಟ್ಟಿಲ್ಲ. ಇಷ್ಟು ವರ್ಷದಲ್ಲಿ ಒಬ್ಬರೂ ಅವನ ಹತ್ತಿರ ಒಂದು ಕಾಗದ ಕೇಳಿದವರಲ್ಲ. ಮನೆ ಕಟ್ಟುವುದಕ್ಕೇ ಬೇಡದ ಲೈಸೆನ್ಸು, ಕಟ್ಟಿದ ಮನೆಯನ್ನು ಸುತ್ತಿ ನೋಡುವುದಕ್ಕೆ ಯಾಕೆ? ಅವನ ಪ್ರಶ್ನೆ ನ್ಯಾಯವಾಗಿಯೇ ಇತ್ತು.

ನಾನಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ತುಮಕೂರಿನಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ, ಬೆಂಗಳೂರಿನಲ್ಲಿ ಎರಡು ವರ್ಷ ಸೈಟ್ ಎಂಜಿನಿಯರ್ ಆಗಿದ್ದವಳು ಮದುವೆಯಾಗಿ ಇಲ್ಲಿಗೆ ಬಂದೆ. ಗಂಡ ಸಾಫ್ಟ್‌ವೇರ್‌ನವನು. ನನ್ನದು ಅವನ ಬಾಲ ಹಿಡಿದು ಬಂದ ಎಚ್‌-4 ವೀಸಾ. ಅಂದರೆ ಊಟ ಮಾಡಬಹುದು, ಓದಬಹುದು, ದುಡಿಯುವಂತಿಲ್ಲ. ಗಂಡನ ಗ್ರೀನ್‌ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಹೆಂಡತಿಗೂ ಕೆಲಸದ ಅನುಮತಿ ಕಾರ್ಡ್ ಕೊಡುವ ನಿಯಮ 2015ರಲ್ಲಿ ಬಂದಿತ್ತು. ಆ ಕಾರ್ಡು ನನ್ನ ಕೈಗೆ ಸಿಗುವಷ್ಟರಲ್ಲಿ ನಾಲ್ಕು ವರ್ಷ ಮನೆಯಲ್ಲಿ ಕೂತಿದ್ದೆ. ಸೈಟಿನಲ್ಲಿ ಕಾಂಕ್ರೀಟ್ ಲಾರಿಯವರ ಜೊತೆ ಜಗಳ ಆಡುತ್ತಿದ್ದವಳಿಗೆ ನಾಲ್ಕು ವರ್ಷ ಸೊಪ್ಪು ಬಿಡಿಸುತ್ತಾ ಕೂರುವುದು ಎಂಥ ಶಿಕ್ಷೆ ಎಂದು ಬಿಡಿಸಿ ಹೇಳಬೇಕಿಲ್ಲ.

ಆ ದಿನಗಳಲ್ಲೇ ನಮ್ಮ ಗೆಳೆಯರೊಬ್ಬರು ಮನೆ ಕೊಳ್ಳಲು ಹೊರಟರು. ಇಲ್ಲಿ ಮನೆಯ ಬೆಲೆ ಮಾತಾಗಿ ಕರಾರಿಗೆ ಸಹಿ ಬಿದ್ದ ಮೇಲೆ ವಕೀಲರಿಗೆ ನೋಡಲು ಮೂರು ಕೆಲಸದ ದಿನ ಕೊಡುತ್ತಾರೆ. ಅದು ಮುಗಿದ ಮೇಲೆ ಕೊಳ್ಳುವವರು ತಮ್ಮ ದುಡ್ಡಿನಲ್ಲಿ ಒಬ್ಬ ಹೋಮ್ ಇನ್ಸ್‌ಪೆಕ್ಟರ್‌ನನ್ನು ಕರೆಸುತ್ತಾರೆ. "ಸುಮ್ನೆ ಬನ್ನಿ, ನಿಮಗೆ ಹೊತ್ತು ಹೋಗುತ್ತೆ" ಎಂದು ಗೆಳೆಯರು ನನ್ನನ್ನೂ ಕರೆದುಕೊಂಡು ಹೋದರು. ಏಣಿ, ಟಾರ್ಚು, ಒಂದು ಉದ್ದನೆಯ ಸ್ಕ್ರೂಡ್ರೈವರ್ ಹಿಡಿದು ಬಂದ ಆ ಮನುಷ್ಯ ಮೂರು ಗಂಟೆ ಮನೆಯ ಒಂದೊಂದು ಮೂಲೆಯನ್ನೂ ನೋಡಿದ. ಮಾಡಿನ ಮೇಲೆ, ಅಟ್ಟದೊಳಗೆ, ನೆಲಮಾಳಿಗೆಯ ಕತ್ತಲಲ್ಲಿ. ಗೆಳೆಯರು ಅಡುಗೆಮನೆಯ ಗ್ರಾನೈಟ್ ನೋಡುತ್ತಿದ್ದರೆ ನಾನು ಅವನ ಹಿಂದೆಯೇ ಸುತ್ತಿದೆ. ಕೊನೆಗೆ ಅವನೇ ಕೇಳಿದ: "ಮನೆ ಕೊಳ್ಳುವವರು ನೀವಾ, ಅವರಾ?"

ಇನ್ಸ್‌ಪೆಕ್ಟರ್ ಎಂದ ಕೂಡಲೇ ನಮಗೆ ಸರ್ಕಾರಿ ಜೀಪು ನೆನಪಾಗುತ್ತದೆ. ಇವನು ಸರ್ಕಾರದವನಲ್ಲ. ನಗರಸಭೆಯಿಂದ ಬಂದು ಪ್ಲಾನ್ ಪ್ರಕಾರ ಕಟ್ಟಿದ್ದಾರಾ ಎಂದು ನೋಡುವವರು ಬೇರೆ. ಇವನು ಗೋಡೆ ಒಡೆಯುವಂತಿಲ್ಲ, ಕಣ್ಣಿಗೆ ಕಾಣುವುದನ್ನಷ್ಟೇ ನೋಡಬೇಕು. ಮನೆಗೆ ಇಷ್ಟು ಬೆಲೆ ಎನ್ನುವಂತಿಲ್ಲ. "ತಗೊಳ್ಳಿ", "ಬಿಡಿ" ಎರಡನ್ನೂ ಹೇಳುವಂತಿಲ್ಲ. ಪರೀಕ್ಷೆ ಮಾಡಿದ ಮನೆಯ ರಿಪೇರಿ ಕೆಲಸವನ್ನು ತಾನೇ ಹಿಡಿಯುವಂತಿಲ್ಲ, ಗಿರಾಕಿ ತಂದುಕೊಟ್ಟ ಏಜೆಂಟರಿಗೆ ಕಮಿಷನ್ ಕೊಡುವಂತಿಲ್ಲ. ಇದೆಲ್ಲ ವೃತ್ತಿ ಸಂಹಿತೆಯಲ್ಲಿದೆ. ಮನೆಯ ಸ್ಥಿತಿ ಏನಿದೆಯೋ ಅದನ್ನು ಫೋಟೊ ಸಮೇತ ಬರೆದು ಕೊಡಬೇಕು, ಅಷ್ಟೆ. ಆ ಬರೆಯುವುದೇ ಇಡೀ ಕೆಲಸ ಎಂದು ನನಗೆ ಆಮೇಲೆ ಅರ್ಥವಾಯಿತು.

ಲೈಸೆನ್ಸಿನ ಕಟ್ಟಲೆ ಇಲ್ಲಿ ರಾಜ್ಯಕ್ಕೊಂದು ಥರ. ಟೆಕ್ಸಸ್‌ನಲ್ಲಿ 1985ರಿಂದಲೇ ಕಡ್ಡಾಯ. ಕ್ಯಾಲಿಫೋರ್ನಿಯಾದಲ್ಲಿ ಇವತ್ತಿಗೂ ಲೈಸೆನ್ಸೇ ಬೇಡ. ನ್ಯೂಜೆರ್ಸಿಯದು ಬಿಗಿ. 180 ಗಂಟೆಯ ತರಬೇತಿ, ಅದರಲ್ಲಿ 40 ಗಂಟೆ ಲೈಸೆನ್ಸ್ ಇರುವವರ ಜೊತೆ ನಿಜವಾದ ಮನೆಗಳಲ್ಲಿ, ಸಂಬಳವಿಲ್ಲದೆ. ಅದಾದ ಮೇಲೆ ರಾಷ್ಟ್ರಮಟ್ಟದ ಪರೀಕ್ಷೆ. ನಾಲ್ಕು ಗಂಟೆ, 200 ಪ್ರಶ್ನೆ. ಅದರಲ್ಲಿ 25 ಪ್ರಶ್ನೆಗಳಿಗೆ ಅಂಕವೇ ಇಲ್ಲ, ಮುಂದಿನ ಪರೀಕ್ಷೆಗಳಿಗಾಗಿ ನಮ್ಮ ಮೇಲೆ ಪ್ರಯೋಗ ಮಾಡುತ್ತಾರೆ. ಯಾವ 25 ಎಂದು ನಮಗೆ ಗೊತ್ತಾಗುವುದಿಲ್ಲ. ಅಂಕಗಳನ್ನು 200ರಿಂದ 800ರ ಅಳತೆಯಲ್ಲಿ ಕೊಡುತ್ತಾರೆ. 500 ಬಂದರೆ ಪಾಸ್. ಪಾಸಾದರೆ ವೃತ್ತಿಯ ತಪ್ಪಿಗೆ ಪರಿಹಾರ ಕೊಡುವ ಐದು ಲಕ್ಷ ಡಾಲರ್ ವಿಮೆ ಮಾಡಿಸಬೇಕು. ಆಮೇಲೆ ಲೈಸೆನ್ಸು.

ತರಗತಿಗೆ ಸೇರಿದಾಗ ನನಗೆ ಸ್ವಲ್ಪ ಜಂಭವೇ ಇತ್ತು. ನಾನು ಮೇಸ್ತ್ರಿ ಮಗಳು, ಸಾಲದ್ದಕ್ಕೆ ಸಿವಿಲ್ ಓದಿದವಳು. ಮೊದಲ ವಾರದಲ್ಲೇ ಜಂಭ ಇಳಿಯಿತು. ಇಲ್ಲಿನ ಮನೆಗಳು ಮರದವು. ಕಾಂಕ್ರೀಟ್ ಎನ್ನುವುದು ಪಾಯಕ್ಕೆ ಮಾತ್ರ. ಮೇಲೆಲ್ಲ ಮರದ ಚೌಕಟ್ಟು, ಅದಕ್ಕೆ ಒಳಗಡೆಯಿಂದ ಜಿಪ್ಸಮ್ ಹಲಗೆ, ನಡುವೆ ಹತ್ತಿಯಂಥ ಗಾಜಿನ ನಾರು. ನಾನು ಕಲಿತ ಕ್ಯೂರಿಂಗ್, ಕಂಬಿ, ಜಲ್ಲಿ ಯಾವುದೂ ಲೆಕ್ಕಕ್ಕಿಲ್ಲ. ಆದರೆ ವಿಚಿತ್ರ ನೋಡಿ, ಡಿಪ್ಲೊಮಾ ಕೈಕೊಟ್ಟ ಕಡೆ ಅಜ್ಜನ ಹೆಂಚಿನ ಮನೆ ಕೈಹಿಡಿಯಿತು. ಇವರು ಏನೇನೋ ಇಂಗ್ಲಿಷ್ ಹೆಸರಿಟ್ಟು ಹೇಳುವ ಮರಗಳೆಲ್ಲ ಅಲ್ಲಿದ್ದವೇ: ತೊಲೆ, ಜಂತೆ, ರೀಪು. ತೊಲೆ ಎಲ್ಲಿ ಕೂತಿದೆ, ಜಂತೆ ಯಾವ ದಿಕ್ಕಿಗೆ ಓಡುತ್ತದೆ ಎಂದು ನೋಡಿದರೆ ಯಾವ ಗೋಡೆ ಭಾರ ಹೊತ್ತಿದೆ ಎಂದು ತಿಳಿಯುತ್ತದೆ. ಗೆದ್ದಲು ಎಲ್ಲಿಂದ ಹತ್ತುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಡೀ ತರಗತಿಯಲ್ಲಿ ಗೆದ್ದಲಿನ ಮಣ್ಣಿನ ಕೊಳವೆಯನ್ನು ಬೆರಳಿನಲ್ಲಿ ಒಡೆದು ಬೆಳೆದವಳು ನಾನೊಬ್ಬಳೇ!

ಆದರೂ ಮೊದಲ ಸಲ ಫೇಲಾದೆ. 471.

ಎಲ್ಲಿ ಸೋತೆ ಎಂದು ಪತ್ರದಲ್ಲಿ ತೋರಿಸಿದ್ದರು: ಮಾಡು, ಚಿಮಣಿ, ಮನೆ ಬಿಸಿಮಾಡುವ ವ್ಯವಸ್ಥೆ. ಅಂದರೆ ಚಳಿಗೆ ಸಂಬಂಧಪಟ್ಟದ್ದೆಲ್ಲ. ತಿಪಟೂರಿನಲ್ಲಿ ಹುಟ್ಟಿದವಳಿಗೆ ಮನೆ ತಣ್ಣಗಿದ್ದರೆ ಸಾಕು, ಬಿಸಿ ಮಾಡುವುದು ಯಾಕೆ? ಹಿಮದ ಅಣೆಕಟ್ಟು ಎಂಬ ಪ್ರಶ್ನೆಯನ್ನು ನಾನು ಬಾಯಿಪಾಠ ಮಾಡಿದ್ದೆ, ಅರ್ಥವಾಗಿರಲಿಲ್ಲ. ಆ ಫೆಬ್ರುವರಿಯಲ್ಲಿ ನಮ್ಮ ಬಾಡಿಗೆ ಮನೆಯ ಸೂರಿನಲ್ಲೇ ಅದು ಕಂಡಿತು. ಮನೆಯೊಳಗಿನ ಶಾಖ ಅಟ್ಟಕ್ಕೆ ಸೋರಿ ಮಾಡಿನ ಮೇಲಿನ ಹಿಮ ಕರಗುತ್ತದೆ. ನೀರು ಇಳಿದು ಸೂರಿನಂಚಿಗೆ ಬರುತ್ತದೆ. ಸೂರಿನ ಕೆಳಗೆ ಮನೆ ಇಲ್ಲ, ಶಾಖ ಇಲ್ಲ, ಅಲ್ಲಿ ಮತ್ತೆ ಗಡ್ಡೆ ಕಟ್ಟುತ್ತದೆ. ಹಿಂದೆ ಬರುವ ನೀರಿಗೆ ಅದೇ ಕಟ್ಟೆ. ಅದು ಮೇಲಕ್ಕೆ ಹಿಮ್ಮೆಟ್ಟಿ ಮಾಡಿನ ಹಾಳೆಗಳ ಅಡಿಗೆ ನುಗ್ಗಿ ಒಳಗಿನ ಚಾವಣಿಯಲ್ಲಿ ಕಾಫಿ ಬಣ್ಣದ ಕಲೆಯಾಗುತ್ತದೆ. ಕಲೆ ಕಂಡ ಕಡೆ ಹೊರಗಿನಿಂದ ತೇಪೆ ಹಾಕಿದರೆ ಪ್ರಯೋಜನವಿಲ್ಲ. ಅಟ್ಟದಲ್ಲಿ ಶಾಖ ಸೋರುವುದನ್ನು ತಡೆಯಬೇಕು. ನಾನು ಕೋಟು ಹಾಕಿಕೊಂಡು ಹೊರಗೆ ನಿಂತು ಅರ್ಧ ಗಂಟೆ ಅದನ್ನೇ ನೋಡಿದೆ. ಗಂಡ ಕಿಟಕಿಯಿಂದ "ಒಳಗೆ ಬಾ ಮಾರಾಯ್ತಿ" ಎಂದು ಕೂಗುತ್ತಿದ್ದ.

ಮತ್ತೆ ಪರೀಕ್ಷೆ ಬರೆಯಲು 30 ದಿನ ಕಾಯಬೇಕು, 225 ಡಾಲರ್ ಮತ್ತೆ ಕಟ್ಟಬೇಕು. ಕೋರ್ಸಿನ ಶುಲ್ಕಕ್ಕೇ ಊರಿನಲ್ಲಿ ಸೈಟ್ ತೆಗೆಯಲೆಂದು ಕೂಡಿಟ್ಟಿದ್ದರಲ್ಲಿ ಒಂದು ಪಾಲು ಹೋಗಿತ್ತು. ಅದೇ ತಿಂಗಳು ಗಂಡನ ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದಾರೆಂಬ ಸುದ್ದಿ. ಅವನ ಕೆಲಸ ಹೋದರೆ ಬೇರೆ ಕೆಲಸ ಹುಡುಕಲು 60 ದಿನ. ಅಷ್ಟರಲ್ಲಿ ಸಿಗದಿದ್ದರೆ ಗಂಟುಮೂಟೆ. ಅವನ ವೀಸಾದ ಜೊತೆ ನನ್ನ ಕಾರ್ಡೂ ಸತ್ತಂತೆಯೇ. ರಾತ್ರಿ ಇಬ್ಬರೂ ನಿದ್ದೆ ಬಂದವರ ಹಾಗೆ ನಟಿಸುತ್ತಾ ಮಲಗಿರುತ್ತಿದ್ದೆವು. ಅವನ ಹೆಸರು ಪಟ್ಟಿಯಲ್ಲಿ ಬರಲಿಲ್ಲ. ಪಕ್ಕದ ಮೇಜಿನವನದು ಬಂತು.

40 ಗಂಟೆಯ ಮನೆ ಸುತ್ತಾಟ ನನ್ನ ನಿಜವಾದ ಶಾಲೆ. ಕಲಿಸಿದವರು ಅರವತ್ತೆಂಟರ ಹಿರಿಯ, ಮೊದಲು ಬಡಗಿಯಾಗಿದ್ದವರು. ಮನೆಯ ಹತ್ತಿರ ಕಾರು ನಿಲ್ಲಿಸಿ ಐದು ನಿಮಿಷ ಇಳಿಯುತ್ತಲೇ ಇರಲಿಲ್ಲ. ನೆಲದ ಇಳಿಜಾರು ನೋಡುತ್ತಿದ್ದರು. ಗೋಡೆಯಿಂದಾಚೆ ಹತ್ತು ಅಡಿಗೆ ಆರು ಇಂಚಾದರೂ ನೆಲ ಇಳಿಯಬೇಕು, ಇಲ್ಲದಿದ್ದರೆ ಮಳೆನೀರು ಪಾಯಕ್ಕೇ. ಆಮೇಲೆ ಒಳಗೆ ಹೋಗಿ ಮೂಗಿನಿಂದ ನೋಡುತ್ತಿದ್ದರು. ಹೌದು, ಮೂಗಿನಿಂದಲೇ. ಮನೆ ಮಾರುವವರು ಹೊಸ ಬಣ್ಣ ಹೊಡೆಸಿ ಕಲೆ ಮುಚ್ಚಬಹುದು, ಬೂಷ್ಟಿನ ವಾಸನೆ ಮುಚ್ಚುವುದು ಕಷ್ಟ. ನೆಲಮಾಳಿಗೆಯಲ್ಲಿ ಊದುಬತ್ತಿ ಹಚ್ಚಿಟ್ಟಿದ್ದರೆ ಅವರು ಇನ್ನಷ್ಟು ಹುಷಾರಾಗುತ್ತಿದ್ದರು.

ನೆಲದಡಿಯ ಎರಡಡಿ ಎತ್ತರದ ಸಂದಿಗೆ ಹೊಟ್ಟೆಯ ಮೇಲೆ ತೆವಳಿ ನುಗ್ಗುವ ಕೆಲಸ ನನ್ನ ಪಾಲಿಗೆ. ಜೇಡರ ಬಲೆ, ಸತ್ತ ಅಳಿಲು, ಒಮ್ಮೆ ಬದುಕಿದ್ದ ರಕೂನ್. ತಲೆಗೆ ಕಟ್ಟಿದ ಟಾರ್ಚಿನ ಬೆಳಕಿನಲ್ಲಿ ಒಂದೊಂದೇ ಜಂತೆಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಬೇಕು. ಗಟ್ಟಿ ಮರ ಚುಚ್ಚಿಸಿಕೊಳ್ಳುವುದಿಲ್ಲ. ಕೊಳೆತದ್ದು ಹಳೆಯ ಬ್ರೆಡ್ಡಿನ ಹಾಗೆ. ಹೊರಗೆ ಬಂದಾಗ ಮನೆ ಕೊಳ್ಳುವವರು ನನ್ನ ಅವತಾರ ನೋಡಿ, ಹಿರಿಯರ ಕಡೆ ತಿರುಗಿ, "ಏನು ಕಂಡಿತು?" ಎಂದು ಅವರನ್ನು ಕೇಳುತ್ತಿದ್ದರು. ಅವರು ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತಿದ್ದರು: "ನೋಡಿದವಳು ಅವಳು. ಅವಳನ್ನೇ ಕೇಳಿ."

ರೇಡಾನ್ ಬಗ್ಗೆ ಮೊದಲು ಕೇಳಿದ್ದೂ ಅವರಿಂದಲೇ. ನೆಲದಿಂದ ಬರುವ, ಬಣ್ಣ ವಾಸನೆ ಇಲ್ಲದ ವಿಕಿರಣದ ಅನಿಲ ಅದು. ಸಿಗರೇಟು ಬಿಟ್ಟರೆ ಶ್ವಾಸಕೋಶದ ಕ್ಯಾನ್ಸರಿಗೆ ಇಲ್ಲಿ ಎರಡನೆಯ ಕಾರಣ. 1984ರಲ್ಲಿ ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ಒಂದು ಅಣುಸ್ಥಾವರದಲ್ಲಿ ಕೆಲಸ ಮಾಡುತ್ತಿದ್ದ. ಅಲ್ಲಿನ ವಿಕಿರಣ ಪತ್ತೆ ಯಂತ್ರ ಅವನನ್ನು ಕಂಡರೆ ಕಿರುಚುತ್ತಿತ್ತು. ತಮಾಷೆಯೆಂದರೆ ಆ ಸ್ಥಾವರ ಇನ್ನೂ ವಿದ್ಯುತ್ ಉತ್ಪಾದನೆಯನ್ನೇ ಶುರುಮಾಡಿರಲಿಲ್ಲ. ವಿಕಿರಣವನ್ನು ಅವನು ಸ್ಥಾವರದಿಂದ ಮನೆಗಲ್ಲ, ಮನೆಯಿಂದ ಸ್ಥಾವರಕ್ಕೆ ಹೊತ್ತು ತರುತ್ತಿದ್ದ! ಈಗ 4 ಘಟಕ ದಾಟಿದರೆ ಸರಿಪಡಿಸಿ ಎನ್ನುತ್ತಾರೆ. ಅವನ ಮನೆಯಲ್ಲಿ ಇದ್ದದ್ದು ಸುಮಾರು 2,700. ಹೆಂಡತಿ ಮಕ್ಕಳು ಅದೇ ಮನೆಯಲ್ಲಿದ್ದರು. ಅಮೆರಿಕದಲ್ಲಿ ಮನೆಗಳಿಗೆ ರೇಡಾನ್ ಪರೀಕ್ಷೆ ಚಾಲ್ತಿಗೆ ಬಂದದ್ದರ ಹಿಂದೆ ಈ ಮನೆಯ ಕಥೆ ಇದೆ. ನ್ಯೂಜೆರ್ಸಿಯಲ್ಲಿ ರೇಡಾನ್ ಅಳೆಯಲು ಬೇರೆಯದೇ ಪ್ರಮಾಣಪತ್ರ ಬೇಕು. ಅದನ್ನು ನಾನಿನ್ನೂ ಮಾಡಿಲ್ಲ.

ಹಿರಿಯರು ನನಗೆ ಕೊಟ್ಟ ಅತಿ ದೊಡ್ಡ ಕಾಟ ವರದಿಯದು. ಸಂಜೆ ಮನೆಗೆ ಬಂದು ನಾನು ಬರೆದು ಕಳಿಸಿದ್ದನ್ನು ಕೆಂಪು ಶಾಯಿ ಬಳಿದು ವಾಪಸು ಕಳಿಸುತ್ತಿದ್ದರು. 'ಮಾಡು ಹಳೆಯದಾಗಿದೆ' ಎಂದು ಬರೆದರೆ, ಹಳೆಯದಾದರೆ ಏನಾಗುತ್ತದೆ, ಕೊಳ್ಳುವವನು ಏನು ಮಾಡಬೇಕು, ಯಾರನ್ನು ಕರೆಸಬೇಕು? 'ಬಾಯಲ್ಲಿ ಹೇಳಿದ್ದೆ' ಎಂದರೆ ಅವರಿಗೆ ಸಿಟ್ಟೇ ಬರುತ್ತಿತ್ತು. ವರದಿಯಲ್ಲಿ ಇಲ್ಲದಿದ್ದರೆ ನೀನು ಹೇಳಿಯೇ ಇಲ್ಲ ಎನ್ನುತ್ತಿದ್ದರು.

ಆ ಮಾತು ಕೇಳಿದ ದಿನ ನಾನು ಕಾರಿನಲ್ಲಿ ಸುಮ್ಮನೆ ಕೂತುಬಿಟ್ಟೆ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಪ್ಪ ಪಕ್ಕದ ಊರಿನಲ್ಲಿ ಒಂದು ಮನೆ ಕೆಲಸ ಹಿಡಿದಿದ್ದ. ದೊಡ್ಡ ಹಾಲ್, ಹದಿನಾರು ಅಡಿಯ ಹರವು, ನಡುವೆ ಕಂಬ ಬೇಡ ಎಂದು ಮಾಲೀಕರ ಆಸೆ. ತಾರಸಿ ಹಾಕಿದ ದಿನ ಅಪ್ಪ ಮಾಲೀಕರಿಗೆ ಸ್ಪಷ್ಟವಾಗಿ ಹೇಳಿದ್ದ: "ಹದಿನಾಲ್ಕು ದಿನ ಕೆಳಗಿನ ಮರ ಮುಟ್ಟಬೇಡಿ." ಡಿಪ್ಲೊಮಾದಲ್ಲಿ ಓದುವಾಗ ನಾನು ಹುಡುಕಿ ನೋಡಿದೆ. ಐಎಸ್ 456 ಎಂಬ ಕಾಂಕ್ರೀಟ್ ಸಂಹಿತೆಯಲ್ಲೂ ನಾಲ್ಕೂವರೆ ಮೀಟರ್‌ಗಿಂತ ಹೆಚ್ಚು ಹರವಿನ ತಾರಸಿಗೆ ಆನಿಕೆ ಮರಗಳನ್ನು 14 ದಿನ ತೆಗೆಯಬಾರದು ಎಂದೇ ಇದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ಅದನ್ನು ಓದಿರಲಿಲ್ಲ. ಅವನ ಗುರು ಹೇಳಿದ್ದನ್ನು ಅವನು ಹೇಳಿದ್ದ, ಅಷ್ಟೆ.

ಸೆಂಟ್ರಿಂಗ್ ಶೀಟು, ಮರ ಎಲ್ಲ ದಿನದ ಬಾಡಿಗೆ. ಅಪ್ಪ ಮತ್ತೊಂದು ಊರಿನ ಪಾಯದ ಕೆಲಸಕ್ಕೆ ಹೋಗಿದ್ದಾಗ ಮಾಲೀಕರು ಆರನೇ ದಿನ ಕೂಲಿಯವರನ್ನು ಕರೆದು ಬಿಚ್ಚಿಸಿಬಿಟ್ಟರು. ಎಂಟು ದಿನದ ಬಾಡಿಗೆ ಉಳಿಯಿತು. ತಾರಸಿ ನಡುವೆ ಜೋತು ಬಿತ್ತು, ಅಡಿಯಲ್ಲಿ ಉದ್ದಕ್ಕೆ ಬಿರುಕು. ಊರಿನ ಹಿರಿಯರು ಸೇರಿದರು. ಅಪ್ಪ "ಹೇಳಿದ್ದೆ" ಎಂದ. ಮಾಲೀಕರು "ಹೇಳೇ ಇಲ್ಲ" ಎಂದರು. ಹೇಳಿದ್ದಕ್ಕೆ ಸಾಕ್ಷಿ ಎಲ್ಲಿ? ಜೊತೆಗಿದ್ದ ಹೆಣ್ಣಾಳು ಕೇಳಿಸಿಕೊಂಡಿದ್ದಳು, ಅವಳ ಮಾತನ್ನು ಯಾರೂ ಕೇಳಲಿಲ್ಲ. ತಾರಸಿ ಒಡೆದು ಹೊಸದು ಹಾಕಿಕೊಡಬೇಕು ಎಂದು ತೀರ್ಮಾನವಾಯಿತು. ಅಮ್ಮನ ಎರಡೆಳೆ ಸರ ಹೋಯಿತು. ಆ ಸರ ನನ್ನ ಮದುವೆಗೆಂದು ಇಟ್ಟಿದ್ದು. ಆದರೆ ನನಗೆ ನೆನಪಿರುವುದು ಸರ ಅಲ್ಲ. ಹೊಸ ತಾರಸಿ ಹಾಕಿದ ಮೇಲೆ ಅಪ್ಪ ಹದಿನಾಲ್ಕು ರಾತ್ರಿ ಅದೇ ಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದ. ಯಾರೂ ಮರ ಬಿಚ್ಚದ ಹಾಗೆ ಕಾಯಲಿಕ್ಕೆ. ಬುತ್ತಿ ಕೊಟ್ಟುಬರಲು ನಾನು ಹೋಗುತ್ತಿದ್ದೆ.

ಎರಡನೇ ಸಲ ಪಾಸಾದೆ. 538. ಲೈಸೆನ್ಸ್ ಸಂಖ್ಯೆ ಬಂದ ದಿನ ಅಪ್ಪನಿಗೆ ಅದರ ಫೋಟೊ ಕಳಿಸಿದೆ. "ಇದ್ರಲ್ಲಿ ನಿನ್ ಹೆಸ್ರು ಎಲ್ಲೈತೆ ತೋರ್ಸು" ಎಂದ. ಗುಂಡು ಗೆರೆ ಹಾಕಿ ಮತ್ತೆ ಕಳಿಸಿದೆ.

ಮೊದಲ ಎರಡು ತಿಂಗಳಲ್ಲಿ ಸಿಕ್ಕಿದ್ದು ಐದೇ ಮನೆ. ಹೊಸಬರಿಗೆ ಕೆಲಸ ಸಿಗುವುದು ಹೆಚ್ಚಾಗಿ ಮನೆ ಮಾರಿಸುವ ಏಜೆಂಟರ ಶಿಫಾರಸಿನಿಂದ. ಈ ವೃತ್ತಿಯ ದೊಡ್ಡ ಗಂಟು ಇರುವುದೇ ಇಲ್ಲಿ. ಏಜೆಂಟರಿಗೆ ದುಡ್ಡು ಬರುವುದು ವ್ಯಾಪಾರ ಮುಗಿದರೆ. ತೀರಾ ಚೆನ್ನಾಗಿ ನೋಡುವ ಇನ್ಸ್‌ಪೆಕ್ಟರನ್ನು ಅವರು ಮತ್ತೆ ಮತ್ತೆ ಕರೆಯುತ್ತಾರಾ? ಕಮಿಷನ್ ಕೊಡಬಾರದು ಎಂದು ಸಂಹಿತೆ ಬರೆಯಬಹುದು, ಹಂಗಿಗೆ ಬೀಳಬಾರದು ಎಂದು ಬರೆಯುವುದು ಹೇಗೆ?

ಮೂರನೇ ತಿಂಗಳು ಒಬ್ಬ ಏಜೆಂಟರು ಸಿಕ್ಕರು. ನಮ್ಮ ಕಡೆಯವರೇ, ಕನ್ನಡದವರು. "ನಮ್ಮ ಜನ ತಿಂಗಳಿಗೆ ನಾಲ್ಕೈದು ಮನೆ ತಗೋತಾರೆ, ಎಲ್ಲ ನಿಮಗೇ ಕೊಡ್ತೀನಮ್ಮ" ಎಂದರು. ಮೊದಲ ಮನೆ ಒಂದು ಕನ್ನಡ ಸಂಸಾರದ್ದು. ಹಾಸನದ ಕಡೆಯವರು. ಆಕೆ ಏಳು ತಿಂಗಳ ಬಸುರಿ. ಈ ಮೊದಲು ಎರಡು ಮನೆ ಕೈತಪ್ಪಿದ್ದವು. ಮನೆ 1950ರ ದಶಕದ್ದು, ಪುಟ್ಟದು, ಚೆಂದದ್ದು. "ಅಕ್ಕ, ಪೂರ್ವದ ಬಾಗಿಲು ಸಿಕ್ತು ನೋಡಿ, ಈಶಾನ್ಯದಲ್ಲಿ ದೇವರಮನೆಗೂ ಜಾಗ ಇದೆ" ಎಂದು ಆಕೆ ನನಗೆ ಕೈಹಿಡಿದು ತೋರಿಸಿದಳು.

ಮಾಡು ಪರವಾಗಿಲ್ಲ. ವೈರಿಂಗ್ ಹೊಸದು. ನೆಲಮಾಳಿಗೆಗೆ ಇಳಿದೆ. ಒಲೆಯ ಹತ್ತಿರ, ಗೋಡೆ ನೆಲ ಸೇರುವ ಕಡೆ, ತಾಮ್ರದ ಎರಡು ಸಣ್ಣ ಕೊಳವೆ ಗೋಡೆಯಿಂದ ಹೊರಬಂದು ತುದಿ ಚಪ್ಪಟೆ ಮಾಡಿಸಿಕೊಂಡಿದ್ದವು. ಹೊರಗೆ ಬಂದು ಅದೇ ಗೋಡೆಯ ಪಕ್ಕ ಹೂಗಿಡದ ಪೊದೆ ಸರಿಸಿದೆ. ನೆಲದಿಂದ ಮೇಲೆದ್ದ ಒಂದು ಮೊಂಡು ಪೈಪು, ಅದಕ್ಕೆ ಮುಚ್ಚಳ.

ನ್ಯೂಜೆರ್ಸಿಯಲ್ಲಿ ಇದರ ಅರ್ಥ ಒಂದೇ. ಆ ಕಾಲದ ಮನೆಗಳನ್ನು ಎಣ್ಣೆ ಉರಿಸಿ ಬಿಸಿಮಾಡುತ್ತಿದ್ದರು. ಎಣ್ಣೆಗೆ ಅಂಗಳದಲ್ಲಿ ಕಬ್ಬಿಣದ ಟ್ಯಾಂಕ್ ಹೂಳುತ್ತಿದ್ದರು. 550 ಗ್ಯಾಲನ್, ಅಂದರೆ ಎರಡು ಸಾವಿರ ಲೀಟರಿನದು ಸಾಮಾನ್ಯ. ಗ್ಯಾಸ್ ಬಂದ ಮೇಲೆ ಕೊಳವೆ ಕತ್ತರಿಸಿ ಟ್ಯಾಂಕನ್ನು ಅಲ್ಲೇ ಮರೆತರು. ಕಬ್ಬಿಣ ತುಕ್ಕು ಹಿಡಿದು, ಉಳಿದ ಎಣ್ಣೆ ಮಣ್ಣಿಗೆ ಇಳಿದರೆ ಅದನ್ನು ಶುದ್ಧ ಮಾಡಿಸುವ ಖರ್ಚು ಹತ್ತಾರು ಸಾವಿರ ಡಾಲರ್. ಇಲ್ಲಿನ ಕಾನೂನಿನ ಪ್ರಕಾರ ತಪ್ಪು ಯಾರದೇ ಇರಲಿ, ಜಾಗದ ಇವತ್ತಿನ ಮಾಲೀಕ ಹೊಣೆ. ಹೆಚ್ಚಿನ ಮನೆವಿಮೆಗಳು ಇದಕ್ಕೆ ಕಾಸು ಬಿಚ್ಚುವುದಿಲ್ಲ.

ಏಜೆಂಟರು ನನ್ನನ್ನು ಕಾರಿನ ಹತ್ತಿರ ಕರೆದರು. "ನೆಲದೊಳಗೆ ಇರೋದು ನಿಮ್ಮ ಪರೀಕ್ಷೆಗೆ ಬರಲ್ಲ ಅಲ್ವಾ? ಕಾಣೋದನ್ನ ಮಾತ್ರ ಬರೀಬೇಕು ತಾನೆ? ಪೈಪಿನ ವಿಷಯ ನಾನು ಬಾಯಲ್ಲಿ ಹೇಳ್ತೀನಿ ಬಿಡಿ. ಪಾಪ, ಬಸುರಿ ಹೆಂಗಸು, ಇದೂ ಕೈಬಿಟ್ರೆ ಏನ್ಮಾಡ್ತಾರೆ?" ಎಂದರು. ಅವರು ಹೇಳಿದ್ದರಲ್ಲಿ ಅರ್ಧ ಸತ್ಯವೇ. ಹೂತ ಟ್ಯಾಂಕ್ ಹುಡುಕುವುದು ನನ್ನ ಕೆಲಸದ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಪೈಪು ನೆಲದೊಳಗಿರಲಿಲ್ಲ. ಪೈಪು ನನಗೆ ಕಂಡಿತ್ತು.

ನಾನು ಆ ಕ್ಷಣಕ್ಕೆ ದಿಟ್ಟವಾಗಿ ಏನೋ ಹೇಳಿದೆ ಎಂದು ಬರೆದರೆ ಸುಳ್ಳಾಗುತ್ತದೆ. "ನೋಡ್ತೀನಿ ಸರ್" ಎಂದೆ. ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದು, ಎಲ್ಲ ಬರೆದು, ಆ ಒಂದು ಪ್ಯಾರಾವನ್ನು ಬರೆದು ಅಳಿಸಿ ಬರೆದು ಅಳಿಸಿದೆ. ತಿಂಗಳಿಗೆ ನಾಲ್ಕೈದು ಮನೆ ಎಂದರೆ ನಮ್ಮ ಬಾಡಿಗೆ. ಗಂಡನ ಕೆಲಸದ ಭಯ ಪೂರ್ತಿ ಹೋಗಿರಲಿಲ್ಲ. ಕೊನೆಗೆ ರಾತ್ರಿ ಹನ್ನೊಂದಕ್ಕೆ ಎರಡೂ ಫೋಟೊ ಹಾಕಿ ಬರೆದೆ: ಹೂತ ಎಣ್ಣೆ ಟ್ಯಾಂಕ್ ಇರುವ ಲಕ್ಷಣ ಇದೆ, ತೆಗೆದಿದ್ದಕ್ಕೆ ದಾಖಲೆ ತೋರಿಸಿಲ್ಲ, ಕರಾರು ಮುಂದುವರಿಸುವ ಮೊದಲು ಟ್ಯಾಂಕ್ ಹುಡುಕುವವರಿಂದ ಅಂಗಳ ಪರೀಕ್ಷೆ ಮಾಡಿಸಿ. ವರದಿ ಕಳಿಸಿ ಅಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ. ಅವನು ಕೆಲಸಕ್ಕೆ ಹೊರಟು ನಿಂತಿದ್ದ. ಎಲ್ಲ ಕೇಳಿದ.

"ಬರೆದ್ಯಾ?"

"ಬರೆದೆ."

"ಸರಿ. ಉಂಡು ಮಲಕ್ಕೊ."

ಅಂಗಳ ಪರೀಕ್ಷೆಯಲ್ಲಿ ಟ್ಯಾಂಕ್ ಸಿಕ್ಕಿತು. ಮಾರುವವರು ಅಗೆಸಿ ತೆಗೆಸಿದರು. ತಳ ತೂತಾಗಿತ್ತು, ಮಣ್ಣು ಎಣ್ಣೆ ಕುಡಿದಿತ್ತು. ಮಣ್ಣು ಶುದ್ಧವಾಗಿ ಕಾಗದ ಬರುವವರೆಗೆ ಕಾಯಲು ಆ ಸಂಸಾರಕ್ಕೆ ಆಗಲಿಲ್ಲ. ಮುಂಗಡ ವಾಪಸು ಪಡೆದು ಹೊರಬಂದರು. ಮಗು ಬಾಡಿಗೆ ಮನೆಯಲ್ಲೇ ಹುಟ್ಟಿತು. ಯುಗಾದಿ ಕಾರ್ಯಕ್ರಮದಲ್ಲಿ ಸಿಕ್ಕಾಗ ಆಕೆ ನಕ್ಕಳು, ಮಾತಾಡಿಸಲಿಲ್ಲ. ಆರು ತಿಂಗಳ ಮೇಲೆ ಅವರು ಬೇರೆ ಮನೆ ಕೊಂಡರು ಎಂದು ತಿಳಿಯಿತು. ಆ ಮನೆ ನೋಡಲು ಕರೆದದ್ದು ಬೇರೆ ಇನ್ಸ್‌ಪೆಕ್ಟರನ್ನು. ನನಗೆ ಬೇಜಾರಾಯಿತು, ಇಲ್ಲ ಎನ್ನುವುದಿಲ್ಲ. ಏಜೆಂಟರ ಫೋನ್ ಆಮೇಲೆ ಬರಲಿಲ್ಲ.

ಈಗ ವಾರಕ್ಕೆ ಎರಡು, ಕೆಲವೊಮ್ಮೆ ಮೂರು ಮನೆ ಸಿಗುತ್ತವೆ. ಹೆಚ್ಚಿನವು ನನ್ನ ಹಿರಿಯರು ಮೊಣಕಾಲು ನೋವೆಂದು ದಾಟಿಸಿದವು.

ನಮ್ಮಲ್ಲಿ ಇಂಥ ಲೈಸೆನ್ಸ್ ಇಲ್ಲ. ಬೆಂಗಳೂರಿನಲ್ಲಿ ಫ್ಲ್ಯಾಟ್ ಪರೀಕ್ಷಿಸಿಕೊಡುವ ಕಂಪನಿಗಳು ಬಂದಿವೆ, ಓದಿದವರು ಕೆಲಸ ಮಾಡುತ್ತಿದ್ದಾರೆ. ಇದು ಕಲಿತು ಮಾಡಬಹುದಾದ ಕೆಲಸ ಎಂದು ಸಿವಿಲ್ ಓದುತ್ತಿರುವ ತಮ್ಮ ತಂಗಿಯರಿಗೆ ಹೇಳಬೇಕೆನಿಸುತ್ತದೆ. ನಮ್ಮ ಚಿಕ್ಕಮ್ಮನ ಮಗಳು ಹೊಸ ಫ್ಲ್ಯಾಟಿನ ಬೀಗದ ಕೈ ತೆಗೆದುಕೊಳ್ಳುವ ದಿನ ವಿಡಿಯೊ ಕಾಲ್ ಮಾಡಿದ್ದಳು. ಬಚ್ಚಲಿನಲ್ಲಿ ಒಂದು ಬಕೆಟ್ ನೀರು ಸುರಿದು ಎತ್ತ ಓಡುತ್ತದೆ ನೋಡು, ಟೈಲ್ಸ್ ಮೇಲೆ ನಾಣ್ಯ ಕುಟ್ಟಿ ಸದ್ದು ಕೇಳು ಎಂದೆ. ಹದಿಮೂರು ಟೈಲ್ಸ್ ಟೊಳ್ಳು, ನೀರು ಬಾಗಿಲ ಕಡೆಗೆ. ಮನೆ ಕೈಗೆ ಬಂದ ಐದು ವರ್ಷದೊಳಗೆ ರಚನೆಯ ಅಥವಾ ಕೆಲಸಗಾರಿಕೆಯ ದೋಷ ತೋರಿಸಿದರೆ ಬಿಲ್ಡರ್ 30 ದಿನದಲ್ಲಿ ಖರ್ಚಿಲ್ಲದೆ ಸರಿಮಾಡಿಕೊಡಬೇಕು ಎಂದು 2016ರ ರೇರಾ ಕಾಯ್ದೆಯಲ್ಲಿದೆ. ಅವಳು ಬಿಲ್ಡರಿಗೆ ಫೋನ್ ಮಾಡಿ ಹೇಳಿದಳು. ಬರೆದು ಕೊಡು, ಸ್ವೀಕರಿಸಿದ್ದಕ್ಕೆ ಸಹಿ ಹಾಕಿಸಿಕೋ ಎಂದು ಗದರಿದೆ.

ಹೋದ ತಿಂಗಳು ಅಪ್ಪನಿಂದ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೊ ಬಂತು. ನೂರು ಪುಟದ ನೋಟ್‌ಬುಕ್, ಅಮ್ಮನ ಅಕ್ಷರ. ಮೇಲೆ ತಾರೀಖು, ಮನೆ ಮಾಲೀಕರ ಹೆಸರು. ಕೆಳಗೆ, "ತಾರಸಿ ಹಾಕಿ ಹದಿನಾಲ್ಕು ದಿನ ಸೆಂಟ್ರಿಂಗ್ ಬಿಚ್ಚಬಾರದು ಅಂತ ಮೇಸ್ತ್ರಿ ಹೇಳಿರುತ್ತಾರೆ. ನಾನು ಒಪ್ಪಿರುತ್ತೇನೆ." ಅದರ ಕೆಳಗೆ ಮಾಲೀಕರ ಸಹಿ. ನಾನು ಫೋನ್ ಮಾಡಿದೆ. ಈಗ ಕೆಲಸ ಹಿಡಿಯುವ ಮೊದಲು ಎಲ್ಲರ ಹತ್ತಿರವೂ ಬರೆಸಿಕೊಳ್ಳುತ್ತಾನಂತೆ. ಮೂರು ಜನ ಸಹಿ ಹಾಕಿದ್ದಾರೆ. ನಾಲ್ಕನೆಯವರು "ನನ್ ಮೇಲೆ ನಂಬಿಕೆ ಇಲ್ವೇನೋ ಮೇಸ್ತ್ರಿ?" ಎಂದು ಸಿಟ್ಟಾದರಂತೆ. ಅಪ್ಪ ಸಾಮಾನು ಕಟ್ಟಿಕೊಂಡು ಬಂದುಬಿಟ್ಟನಂತೆ.

ಅಮ್ಮ ಫೋನ್ ಕಿತ್ತುಕೊಂಡಳು.

"ನೀನು ಅಲ್ಲಿ ಗಿರಾಕಿ ಕಳ್ಕೊಂಡೆ, ನಿಮ್ಮಪ್ಪ ಇಲ್ಲಿ ಕಳ್ಕೊಂಡು ಬಂದವ್ನೆ. ಇಬ್ರೂ ಲೈಸೆನ್ಸ್ ಇಟ್ಕೊಂಡು ಕೂತ್ಕೊಳ್ರಿ" ಎಂದಳು. ಹಿಂದಿನಿಂದ ಅಪ್ಪ ನಗುವುದು ಕೇಳಿಸುತ್ತಿತ್ತು.